ಮೆಟ್ಟಿಲ ಬುಡದ ಕಂಬ

"ಹಿಂದೆ ಎಳೆಯಿರಿ, ಹಿಂದೆ! ಅಯ್ಯೋ, ನನ್ನ ಬೆರಳು!"

ಮೊಯಿದಿನಬ್ಬನ ಹೆಣ ಹೊತ್ತ ಮಯ್ಯಿತ್ ಮಂಚ ಮೆಟ್ಟಿಲ ಬುಡದಲ್ಲಿ ಸಿಕ್ಕಿಹಾಕಿಕೊಂಡಿತು. ಒಂದು ಕಡೆ ಗೋಡೆ, ಇನ್ನೊಂದು ಕಡೆ ಕಂಬ. ಕಂಬವೆಂದರೆ ಎಂಥ ಕಂಬ! ಕಾಪುವಿನ ದೀಪಸ್ತಂಭ ಅದನ್ನು ಕಂಡರೆ ನಾಚಿ ಸಮುದ್ರಕ್ಕೆ ಹಾರಬೇಕು. ಆನೆ ಬಂದು ಒರಗಿದರೆ ಆನೆಗೇ ಸೊಂಟನೋವು.

"ಬೆಡ್‌ಶೀಟಿನಲ್ಲಿ ಇಳಿಸಿ, ಹೊರಗೆ ಮಂಚಕ್ಕೆ ಹಾಕುವ," ಎಂದ ಕೆಳಮನೆಯಲ್ಲಿರುವ ಮೊಯಿದಿನಬ್ಬನ ತಮ್ಮ ಜಾಬಿರ್. "ಸಂಜೆಯ ಅಸರ್ ನಮಾಝಿಗೆ ಹೊತ್ತಾಯಿತು."

ಮೇಲಿನ ಬಾಗಿಲ ಮರೆಯಿಂದ ಮೊಯಿದಿನಬ್ಬನ ಹೆಂಡತಿ ಮುನೀರಾಳ ಸ್ವರ ಬಂತು. "ಬದುಕಿದ್ದಾಗ ಆ ಕಂಬದ ದೆಸೆಯಿಂದ ಏಡಿಯ ಹಾಗೆ ಅಡ್ಡ ನಡೆದರು. ಇವತ್ತು ನೇರ ಹೋಗಬೇಕು. ಕಂಬ ತೆಗೆಯಿರಿ."

"ಅದನ್ನು ಮುಟ್ಟಿದರೆ ಮನೆ ಬೀಳ್ತದೆ ಅತ್ತಿಗೆ."

"ಬೀಳಲಿ. ಮೇಲಿರುವವಳು ನಾನು. ನಿಮಗೆಂತ ಬೇಜಾರು?"

ಮಂಚ ಮತ್ತೆ ಮೇಲಕ್ಕೆ ಹೋಯಿತು.

*

ಮೊಯಿದಿನಬ್ಬ ಗಲ್ಫಿನಲ್ಲಿ ಕಟ್ಟಡಗಳಿಗೆ ಕಬ್ಬಿಣ ಕಟ್ಟುತ್ತಿದ್ದವನು. ಅವನು ಕಟ್ಟಿದ ಸರಳುಗಳನ್ನು ಉದ್ದಕ್ಕೆ ಜೋಡಿಸಿದರೆ ಕಾರ್ಕಳದಿಂದ ಚಂದ್ರನಿಗೆ ಹೋಗಿ, ಬರುವಾಗ ಹಿರಿಯಡ್ಕದಲ್ಲಿ ಇಳಿದು ಚಹಾ ಕುಡಿಯಬಹುದು. ಬಾಯಿ ಮಾತ್ರ ಕೆಟ್ಟದ್ದು. ಜಾಬಿರನ ಹೆಂಡತಿ ಕಡೆಯ ಮದುವೆಯಲ್ಲಿ, ಬಿರಿಯಾನಿ ಮುಂದೆ ಕೂತು ಹೇಳಿದ್ದ: "ನಮ್ಮ ಜಾಬಿರ್ ಕಟ್ಟಿದ ಗೂಡಿಗೆ ಕೋಳಿಗಳು ಹೆಲ್ಮೆಟ್ ಹಾಕಿಕೊಂಡು ಹೋಗ್ತವೆ ಮಾರಾಯ!" ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಜಾಬಿರನ ಮಾವನಿಗಂತೂ ಅನ್ನ ನೆತ್ತಿಗೇರಿತು.

ಮುಂದಿನ ರಜೆಗೆ ಬಂದಾಗ ಮೊಯಿದಿನಬ್ಬ ತಂದ ಫ್ರಿಜ್ ಮೆಟ್ಟಿಲು ಹತ್ತಲಿಲ್ಲ. ದಾರಿಗೆ ಅಡ್ಡವಾಗಿ ಈ ಕಂಬ ನಿಂತಿತ್ತು.

"ಎಂತ ಇದು?"

"ಬೀಮು ಬಗ್ಗಿತ್ತಣ್ಣ. ಆಧಾರ ಕೊಟ್ಟೆ," ಎಂದ ಜಾಬಿರ್, ಮುಖವನ್ನು ಹಾಲಿನಷ್ಟು ಬೆಳ್ಳಗೆ ಇಟ್ಟುಕೊಂಡು.

ಮೊಯಿದಿನಬ್ಬ ಗೆಣ್ಣಿನಿಂದ ಕಂಬಕ್ಕೆ ಕುಟ್ಟಿದ. ಕಿವಿಯಿಟ್ಟು ಕೇಳಿದ. ಓರೆಯಾಗಿ ನುಸುಳಿ ಮೇಲೆ ಹೋದ.

"ಪೊಳ್ಳು ಅಂತ ಗೊತ್ತಾದ ಮೇಲೆ ಕೆಡವಲಿಕ್ಕೆ ಎಂತ ತೊಂದರೆ?" ಎಂದು ಮುನೀರಾ ಸಿಟ್ಟಾದಳು.

"ಈಗ ಕೆಡವಿದರೆ ಜಗಳ ಆಗ್ತದೆ, ಅಷ್ಟೆ. ಅವನು ಊರಿಡೀ ಸುಳ್ಳು ಹೇಳಿಕೊಂಡು ಬರಲಿ. ಊರಿಡೀ ಸೇರಿದ ದಿನ ಬೀಳಿಸುವ. ನಾನು ನೋಡಲಿಕ್ಕೆ ಇಲ್ಲದಿದ್ದರೂ ಅಡ್ಡಿಯಿಲ್ಲ."

ಮನೆ ನಿಂತದ್ದೇ ತನ್ನ ಕಂಬದಿಂದ ಎಂದು ಜಾಬಿರ್ ಹೇಳಿಯೇ ಹೇಳಿದ. ಮೀನು ಮಾರುಕಟ್ಟೆಯಲ್ಲಿ ಹೇಳಿದ, ಉಡುಪಿ ಬಸ್ಸಿನಲ್ಲಿ ಕಂಡಕ್ಟರನಿಗೂ ಹೇಳಿದ. ಮಳೆಗಾಲದಲ್ಲಿ ಗುಡುಗಿದರೆ ಹೋಗಿ ಕಂಬವನ್ನು ಸವರಿ ಬರುತ್ತಿದ್ದ. ಕೊನೆಗೆ ಇಡೀ ಕಾಪುವಿನಲ್ಲಿ ಆ ಸುಳ್ಳನ್ನು ನಂಬಿದವನು ಅವನೊಬ್ಬನೇ.

*

ಸಾವಿಗೆ ಬಂದವರಲ್ಲಿ ನೆರೆಮನೆಯ ಲೂಯಿಸ್ ಇದ್ದ. ಮಣಿಪಾಲದ ಕಟ್ಟಡಗಳಿಗೆ ಇಂಜಿನಿಯರು. ಕುರ್ಚಿ ಹತ್ತಿ ಕಂಬದ ತಲೆ ನೋಡಿದ. ಕಿಸೆಯಿಂದ ಬಸ್ ಟಿಕೆಟ್ ತೆಗೆದು ಕಂಬಕ್ಕೂ ಬೀಮಿಗೂ ನಡುವೆ ತೂರಿಸಿದ. ಈ ಕಡೆಯಿಂದ ಹೋದದ್ದು ಆ ಕಡೆಯಿಂದ ಬಂತು.

"ಬೀಮಿನ ಎರಡೂ ತುದಿ ಕೆಂಪುಕಲ್ಲಿನ ಗೋಡೆ ಮೇಲೆ ಗಟ್ಟಿ ಕೂತಿವೆ. ಬಿರುಕಿಲ್ಲ, ಬಗ್ಗಿದ್ದೂ ಇಲ್ಲ. ಈ ಕಂಬ ಬೀಮನ್ನು ಮುಟ್ಟುವುದೇ ಇಲ್ಲ. ಮತ್ತೆ ಹೊರುವುದು ಎಂತ?"

"ಲೂಯಿಸರೇ, ನಿಮಗೆ ಗೊತ್ತಿಲ್ಲ!" ಎಂದ ಜಾಬಿರ್.

ಮೊಯಿದಿನಬ್ಬನ ಮಗ ನಿಝಾಮ್ ಸುತ್ತಿಗೆ ಎತ್ತಿದ. ಮೊದಲ ಏಟಿಗೆ ಗಾರೆ ಉದುರಿತು. ಎರಡನೆಯದಕ್ಕೆ ಹೊಟ್ಟೆ ಬಿಚ್ಚಿತು. ಒಳಗೆ ಸರಳಿಲ್ಲ, ಕಾಂಕ್ರೀಟಿಲ್ಲ. ಒಡೆದ ಹೆಂಚು, ಮರಳು. ಅಂಗಳದಲ್ಲಿ ಯಾರೋ ನಗು ತಡೆಯಲಾಗದೆ ಕೆಮ್ಮಿದರು. ಕೆಮ್ಮು ಹರಡಿತು.

ಕಂಬ ಉರುಳುತ್ತಿದ್ದಂತೆ ಜಾಬಿರ್ ಕಿರುಚಿ, ಬೀಮಿನ ಕೆಳಗೆ ಹಾರಿ ನಿಂತು, ಎರಡೂ ಕೈ ಮೇಲೆತ್ತಿದ.

ಮಂಚ ಇಳಿಯಿತು. ಗೋಡೆಗೆ ತಾಗದೆ, ಯಾರಿಗೂ ತಾಗದೆ, ನೇರ.

"ಚಿಕ್ಕಪ್ಪ, ಬನ್ನಿ," ನಿಝಾಮ್ ಕರೆದ. "ನನ್ನ ಉಪ್ಪನಿಗೆ, ನಿಮ್ಮ ಅಣ್ಣನಿಗೆ, ಹೆಗಲು ಕೊಡಿ."

"ನಾನು ಬಿಟ್ಟರೆ ಬೀಳ್ತದೆ ಮಗಾ!"

ಮೇಲೆ ಮುನೀರಾ ಕಿಟಕಿಯ ಪರದೆ ಸರಿಸಿದಳು. ಜನ ಹೆಗಲು ಬದಲಿಸುತ್ತಾ ಮಸೀದಿಯ ತಿರುವು ದಾಟಿದರು. ಕೆಳಗೆ, ಖಾಲಿಯಾದ ಮೆಟ್ಟಿಲ ಬುಡದಲ್ಲಿ, ಜಾಬಿರ್ ತುದಿಗಾಲಿನಲ್ಲಿ ನಿಂತೇ ಇದ್ದ, ತೋಳು ಮೇಲೆತ್ತಿಕೊಂಡು. ಅವನ ಬೆರಳುಗಳಿಗೂ ಬೀಮಿಗೂ ನಡುವೆ ಒಂದು ಗೇಣು ಬರೀ ಗಾಳಿ.