ಕಾಲು ಹೇಳಿದ ಭಾರ

ಕೋದಂಡಪ್ಪ ಹಿಟ್ಟಿನ ಗಿರಣಿಯ ಮೋಟರಿನ ಎರಡನೇ ಬೋಲ್ಟಿಗೆ ಸ್ಪ್ಯಾನರ್ ಹಾಕಿದಾಗ, ಅಕ್ಕ ಕದಿರಮ್ಮ ರಾಗಿ ಕೇರುತ್ತಿದ್ದ ಮೊರವನ್ನು ಹಾಗೇ ಕೆಳಗಿಟ್ಟಳು.

"ಏನ್ಲಾ ಮಾಡ್ತಿದ್ದೀಯ?"

"ನೀನೇ ಏಳ್ದ್ಯಲ್ಲಕ್ಕ, ಪೆಡಲು ಅಗುರ ಆಯ್ತು ಅಂತ. ಇದರ ತಂತಿ ಬಿಚ್ಚಿ ನನ್ನ ಕಾಯಿಲ್ ತರ ಸುತ್ತಿಬಿಟ್ರೆ, ಇನ್ಮೇಲೆ ಇದರ ಕರೆಂಟು ಇದೇ ಮಾಡ್ಕೊಂತದೆ."

ಕದಿರಮ್ಮ ಎದ್ದು ಬಂದಳು. ಇಬ್ಬರ ಊಟವೂ ಆ ಮೋಟರಿನಿಂದಲೇ.

ಕೋರಮಂಡಲ್ ಚಿನ್ನದ ಗಣಿ ಮುಚ್ಚುವವರೆಗೂ ಕೋದಂಡಪ್ಪ ಅಲ್ಲಿ ಸುಟ್ಟ ಮೋಟರುಗಳಿಗೆ ತಂತಿ ಸುತ್ತುತ್ತಿದ್ದವನು. ಎರಡು ವರ್ಷದಿಂದ ಅವನಿಗೆ ಒಂದೇ ಹುಚ್ಚು. ಸೈಕಲ್ಲಿನ ಡೈನಮೋಗೆ ಬಲ್ಬು ಜೋಡಿಸಿದೊಡನೆ ಚಕ್ರ ಭಾರವಾಗುತ್ತದಲ್ಲ, ಆ ಭಾರ ಇಲ್ಲದಂತೆ ಮಾಡಬೇಕು. ಹಳೆಯ ಟ್ರಾನ್ಸ್‌ಫಾರ್ಮರುಗಳ ಕಾಯಿಲ್‌ಗಳನ್ನು ಎದುರುಬದುರು ಇಟ್ಟ, ಅಡ್ಡ ಇಟ್ಟ, ಒಂದರೊಳಗೊಂದು ತೂರಿಸಿದ. ಮೀಟರು ಬಲ್ಬಿನ ಕರೆಂಟನ್ನು ಹೇಳುತ್ತಿತ್ತೇ ಹೊರತು ತುಳಿತದ ಭಾರವನ್ನಲ್ಲ. ಗಣಿಯಲ್ಲಿ ಮುರಿದ ಅವನ ಮಂಡಿ ಮಡಚುತ್ತಿರಲಿಲ್ಲ. ಹಾಗಾಗಿ ಸ್ಟ್ಯಾಂಡ್ ಹಾಕಿದ ಸೈಕಲ್ಲಿನ ಮೇಲೆ ಸೀರೆ ಎತ್ತಿ ಕಟ್ಟಿ ಕೂತು ತುಳಿದು, ಭಾರವೋ ಹಗುರವೋ ಹೇಳುವವಳು ಕದಿರಮ್ಮ.

ನಿನ್ನೆ ಅವನು ಹೊಸ ಕಾಯಿಲ್ ಜೋಡಿಸಿ, ಮೂರು ತಿಂಗಳು ಉಣ್ಣದವನ ಮುಖ ಹೊತ್ತು, ಹಗುರವಾಯಿತೇ ಎಂದು ಕೇಳಿದ್ದ. ಅವಳು ಪಾಪ ಅಂದುಕೊಂಡು ಹೇಳಿಬಿಟ್ಟಿದ್ದಳು.

"ಊವಿನಂಗೈತೆ ಕಣ್ಲಾ. ಇಂಗೇ ತುಳ್ಕೊಂಡ್ ಬಂಗಾರಪೇಟೆಗೋಗಿ, ರೈಲಿಗಿಂತ ಮುಂಚೆ ವಾಪಸ್ ಬತ್ತೀನಿ."

ಊರಿನವರು ಅವಳ ಮಾತಿನಲ್ಲಿ ಮುಕ್ಕಾಲು ಪಾಲು ಬಿಟ್ಟೇ ಕೇಳುತ್ತಿದ್ದರು. ತಮ್ಮ ಮಾತ್ರ ಇದನ್ನು ನೋಟ್‌ಬುಕ್ಕಿನಲ್ಲಿ ತಾರೀಕು ಹಾಕಿ ಬರೆದುಕೊಂಡಿದ್ದ.

"ಬೋಲ್ಟು ಬಿಡು. ನಿನ್ನೆ ಸುಳ್ಳು ಏಳ್ದೆ."

"ಇವತ್ತು ಏಳ್ತಿರೋದು ಸುಳ್ಳು. ಮೋಟರು ಉಳಿಸ್ಕೊಳ್ಳಾಕೆ."

"ನಾನು ಏಳೋದ್ರಲ್ಲಿ ಯಾವ್ದು ನಿಜ ಅಂತ ನಂಗೇ ಗೊತ್ತಾಗಕಿಲ್ಲ. ನೀನೇ ತಿರುಗ್ಸಿ ನೋಡು."

"ಕಾಲು ಮಡಚಲ್ಲ."

"ಕೈ ಐತಲ್ಲ. ಅದನ್ನೂ ಗಣಿಗೇ ಕೊಟ್ಟು ಬಂದ್ಯಾ?"

ಅವನು ಕುಂಟುತ್ತಾ ಬಂದು ಸೈಕಲ್ಲಿನ ಪಕ್ಕ ಕಾಲು ಚಾಚಿ ನೆಲದ ಮೇಲೆ ಕೂತು, ಪೆಡಲು ಹಿಡಿದು ತಿರುಗಿಸಿದ. ಚಕ್ರ ಸರಾಗವಾಗಿ ಓಡಿತು. ಕದಿರಮ್ಮ ಹೊಸ ಕಾಯಿಲ್ಲಿಗೆ ಬಲ್ಬಿನ ವೈರು ತಗುಲಿಸಿದಳು. ಬಲ್ಬು ಹತ್ತಿತು, ಅವನ ಭುಜ ಜಗ್ಗಿತು. ವೈರು ತೆಗೆದಳು. ಕೈ ಸಡಿಲವಾಯಿತು.

"ಈಗ ಅಳೇ ಕಾಯಿಲ್ಲಿಗೆ ಕೊಡು."

ಕೊಟ್ಟಳು. ಭುಜ ಅಷ್ಟೇ ಜಗ್ಗಿತು.

"ಇನ್ನೊಂದ್ಸಲ ಒಸದು."

ಏಳೆಂಟು ಸಲವಾಯಿತು. ಅವನ ಮುಂಗೈಯ ನರಗಳು ಹಗ್ಗದಂತೆ ಎದ್ದಿದ್ದವು. ಕದಿರಮ್ಮ ವೈರು ಹಾಕಿ ತೆಗೆದಳು, ಹಾಕಿ ತೆಗೆದಳು.

ಬಾಗಿಲಲ್ಲಿ ಪಕ್ಕದ ಬೀದಿಯ ರಾಧಾಮಣಿ ರಾಗಿಯ ಡಬ್ಬ ಹೊತ್ತು ನಿಂತಿದ್ದಳು. "ಅಕ್ಕೋ, ಮಿಷನ್ ಓಡ್ತದಾ?"

ಕದಿರಮ್ಮ ತಮ್ಮನನ್ನು ನೋಡಿದಳು.

"ಓಡ್ತದೆ," ಅಂದ ಕೋದಂಡಪ್ಪ, ತಲೆ ಎತ್ತದೆ. "ಎಲ್ಡು ಬೋಲ್ಟು ಬಿಗೀಬೇಕು ಅಷ್ಟೆ. ಇಳ್ಸು."

ಆದರೂ ಪೆಡಲು ಬಿಡಲಿಲ್ಲ. ಬಾಗಿಲ ಬಿಸಿಲಿನಲ್ಲಿ ಬಲ್ಬು ಉರಿಯುತ್ತಿರುವುದೇ ಕಾಣುತ್ತಿರಲಿಲ್ಲ; ಅವನ ಭುಜದ ಜಗ್ಗು ಮಾತ್ರ ಅದನ್ನು ಹೇಳುತ್ತಿತ್ತು.