ಹಿಮದ ಲಾರಿಯ ಹಿಂದೆ ನಲವತ್ತು ನಿಮಿಷ

ಈಸ್ಟರ್ ರಜೆಗೆ ಬರ್ಗನ್‌ನಿಂದ ಬೆಟ್ಟದ ಮೇಲಿನ ನಮ್ಮ ಮರದ ಮನೆಗೆ ಐದು ಗಂಟೆಯ ದಾರಿ. ಮಕ್ಕಳಿದ್ದರೆ ಏಳು. ಅಸ್ಲಾಕ್ ಇದ್ದರೆ ಎಷ್ಟೆಂದು ದೇವರೇ ಹೇಳಬೇಕು. ನಾಲ್ಕು ವರ್ಷದ ನನ್ನ ಮಗ ಊರು ದಾಟುವ ಮೊದಲೇ ಬಾಯಾರಿಕೆ ಎಂದ, ಆಮೇಲೆ ಉಚ್ಚೆ ಎಂದ, ಆಮೇಲೆ ಅಕ್ಕ ಯೂರಿಡ್ ತನ್ನ ಕಡೆಯ ಕಿಟಕಿಯಿಂದ ಹೊರಗೆ ನೋಡುತ್ತಾಳೆಂದು ಅಳತೊಡಗಿದ.

ಬೆಟ್ಟದ ರಸ್ತೆ ಶುರುವಾಗುವಲ್ಲಿ ಗೇಟು ಹಾಕಿದ್ದರು. ಮೇಲೆ ಬಿರುಗಾಳಿ. ಅಂಥ ದಿನ ಯಾರೂ ಒಬ್ಬೊಬ್ಬರೇ ಹೋಗುವಂತಿಲ್ಲ. ಹಿಮ ತಳ್ಳುವ ಲಾರಿ ಮುಂದೆ, ಅದರ ಹಿಂದೆ ಕಾರುಗಳ ಸಾಲು. ಒಮ್ಮೆ ಹೊರಟರೆ ನಿಲ್ಲುವಂತಿಲ್ಲ, ತಿರುಗುವಂತಿಲ್ಲ, ಇಳಿಯುವಂತಿಲ್ಲ. ನಿಂತವನಿಗೆ ಹಿಂದಿನವನು ಬಂದು ಗುದ್ದುತ್ತಾನೆ, ಇಳಿದವನು ಎರಡೇ ಹೆಜ್ಜೆಗೆ ಕಾಣೆಯಾಗುತ್ತಾನೆ.

ಎರಡು ಗಂಟೆ ಕಾದೆವು. ನಮ್ಮ ಹಿಂದೆಯೇ ನನ್ನ ಅಕ್ಕ ಇಂಗುನ್ ಮತ್ತು ಭಾವನ ಕಾರು. ಹೀಗೆ ಕಾಯುವಾಗ ಮಕ್ಕಳೆಲ್ಲ ಇಳಿದು ರಸ್ತೆಬದಿಯ ಹಿಮದ ದಿಬ್ಬ ಕೊರೆದು ಗುಹೆ ಮಾಡುವುದು ವಾಡಿಕೆ. ನಾವೂ ಚಿಕ್ಕವರಿದ್ದಾಗ ಮಾಡಿದವರೇ. ಅಸ್ಲಾಕ್ ಮಾತ್ರ ಐದು ನಿಮಿಷಕ್ಕೊಮ್ಮೆ ಬಂದು ಕೈಗವಸು ಒದ್ದೆಯಾಯಿತು, ಕಿತ್ತಳೆ ಬೇಕು, ಸುಲಿದದ್ದು ಬೇಡ ಎನ್ನುತ್ತಿದ್ದ. ಆರನೆಯ ಸಲ ಬಂದಾಗ ನನ್ನ ತಾಳ್ಮೆ ತಪ್ಪಿತು.

"ಸಾಕು ನಿನ್ ಗಲಾಟೆ, ತಲೆ ತಿನ್ಬೇಡ. ದೊಡ್ಡಮ್ಮನ ಕಾರಿಗೆ ಹೋಗಿ ಅಲ್ಲೇ ಕೂತ್ಕೊ. ನನ್ ಜೊತೆ ಬರ್ಲೇಬೇಡ."

ಅವನು ಹೋದ. ಸ್ವಲ್ಪ ಹೊತ್ತಿಗೆ ಲಾರಿ ಹಾರ್ನ್ ಹೊಡೆಯಿತು, ಎಲ್ಲರೂ ಕಾರುಗಳಿಗೆ ಓಡಿದರು. ಹಳದಿ ಅಂಗಿಯವನೊಬ್ಬ ಪ್ರತಿ ಕಾರಿನ ಬಳಿ ನಿಂತು ಎಷ್ಟು ಜನರೆಂದು ಕೇಳಿ ಬರೆದುಕೊಂಡ. ಸ್ಟೀರಿಂಗ್ ಹಿಡಿದು ನನ್ನ ಗಂಡ ಐವಿಂಡ್, ಹಿಂದೆ ಯೂರಿಡ್; ನಾನು ಮೂವರು ಎಂದೆ. ಹಿಂದಿನ ಕಾರಿನಲ್ಲಿ ಅಕ್ಕ ಇಬ್ಬರು ಎಂದಳಂತೆ. ಮನೆಯಿಂದ ಹೊರಟವರು ಆರು ಜನ, ಆದರೆ ಅದು ಆ ಪುಣ್ಯಾತ್ಮನಿಗೆ ಹೇಗೆ ಗೊತ್ತಾಗಬೇಕು?

ಗೇಟು ದಾಟಿದೊಡನೆ ಮುಂದಿನ ಕಾರಿನ ಎರಡು ಕೆಂಪು ದೀಪಗಳ ಹೊರತು ಏನೂ ಕಾಣದಾಯಿತು. ಕಾರಿನೊಳಗೆ ಸದ್ದಿರಲಿಲ್ಲ. ನಿಜ ಹೇಳುತ್ತೇನೆ, ನನಗೆ ಹಾಯೆನಿಸಿತು.

ಕಾಲು ಗಂಟೆಯಾದ ಮೇಲೆ ಯೂರಿಡ್ ಹಿಂದಿನಿಂದ ಮೆಲ್ಲಗೆ ಕೇಳಿದಳು. ಅವಳಿಗೆ ಏಳು ವರ್ಷ.

"ಅಮ್ಮಾ, ಲಾರಿ ಬಂದ್ರೆ ಗುಹೆ ಬಾಗಿಲು ಮುಚ್ಚೋಗುತ್ತಾ?"

ಯಾವ ಗುಹೆ ಎಂದೆ.

"ಅಸ್ಲಾಕ್ ಇರೋದು. ದೊಡ್ಡಮ್ಮನ ಕಾರಿಗೆ ಹೋಗಲ್ಲ ಅಂತ ಅದ್ರೊಳಗೆ ಬಚ್ಚಿಟ್ಕೊಂಡ. ನಾವು ಹೊರಡೋವಾಗ ಬರ್ತೀನಿ, ಯಾರಿಗೂ ಹೇಳ್ಬೇಡ ಅಂದ. ಬರ್ಲಿಲ್ವಲ್ಲ, ದೊಡ್ಡಮ್ಮನ ಹತ್ರ ಹೋಗಿರ್ಬೇಕು ಅಂದ್ಕೊಂಡೆ."

ಒಂದು ಸಾಲು ಹೊರಟ ಮೇಲೆ ಇನ್ನೊಂದು ಲಾರಿ ಬಂದು ರಸ್ತೆಬದಿಯ ದಿಬ್ಬವನ್ನು ಹಿಂದಕ್ಕೆ ತಳ್ಳಿ, ಮುಂದಿನ ಸಾಲಿಗೆ ಜಾಗ ಮಾಡುತ್ತದೆ. ಚಿಕ್ಕಂದಿನಿಂದ ನೋಡುತ್ತಿದ್ದೇನೆ. ಅದರ ಅಲಗು ಆಳೆತ್ತರದ್ದು. ಮೇಲೆ ಕೂತವನಿಗೆ ಹಿಮದೊಳಗೆ ಏನಿದೆಯೆಂದು ಕಾಣುವುದಿಲ್ಲ.

ಫೋನಿಗೆ ಸಿಗ್ನಲ್ ಇರಲಿಲ್ಲ. ನಿಲ್ಲಿಸು ಎಂದೆ. ಐವಿಂಡ್ ಉದ್ದಕ್ಕೂ ಹಾರ್ನ್ ಒತ್ತಿದ, ಗಾಳಿ ಅದನ್ನು ನುಂಗಿತು. ಮತ್ತೆ ನಿಲ್ಲಿಸು ಎಂದೆ.

"ನಿಲ್ಸಿದ್ರೆ ಯೂರಿಡ್‌ನೂ ಕಳ್ಕೋತೀವಿ," ಎಂದ, ದೀಪಗಳಿಂದ ಕಣ್ಣು ಕೀಳದೆ.

ನಾನು ಬಾಗಿಲು ತೆರೆದೆ. ಹಿಮ ಮುಖಕ್ಕೆ ರಾಚಿತು. ಅವನು ಒಂದೇ ಕೈಯಲ್ಲಿ ನನ್ನ ಕೊರಳಪಟ್ಟಿ ಹಿಡಿದೆಳೆದ. ಅವನು ಹೇಳಿದ್ದು ಸರಿ. ಅಷ್ಟು ಸರಿಯಾದ ಮನುಷ್ಯನನ್ನು ನಾನು ಅಷ್ಟು ದ್ವೇಷಿಸಿದ್ದು ಅದೇ ಮೊದಲು. ಹಿಂದೆ ಯೂರಿಡ್, ತಾನು ಮೊದಲೇ ಹೇಳಬೇಕಿತ್ತಾ ಎಂದು ಅಳುತ್ತ ಕೇಳುತ್ತಲೇ ಇದ್ದಳು. ಇಲ್ಲ ಕಂದ, ನಿನ್ನ ತಪ್ಪಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ನಾನು ಆಡಿದ್ದು ಬರ್ಲೇಬೇಡ ಎಂಬ ಮಾತು. ಇನ್ನೂ ಇಪ್ಪತ್ತೈದು ನಿಮಿಷ ಅದನ್ನೇ ಕೇಳಿಸಿಕೊಳ್ಳುತ್ತ ಕೂತೆ.

ಆಚೆ ಗೇಟಿನಲ್ಲಿ ಕಾರು ನಿಲ್ಲುವ ಮೊದಲೇ ಇಳಿದು ಓಡಿದೆ. ಅಲ್ಲಿದ್ದವನು ನನ್ನ ಮಾತು ಪೂರ್ತಿ ಕೇಳದೆ ವೈರ್‌ಲೆಸ್ಸಿನಲ್ಲಿ ಹೇಳಿದ:

"ಬದಿ ಹಿಮ ಮುಟ್ಬೇಡಿ. ಒಳಗೆ ಮಗು ಇದೆ."



"ಅರ್ಧ ತಳ್ಳಿಯಾಯ್ತು," ಎಂದಿತು ಆ ಕಡೆಯ ದನಿ.

ಅಕ್ಕ ಓಡಿಬಂದು, ನಿಮ್ಮ ಜೊತೆ ಇರಲಿಲ್ಲವಾ ಎಂದು ಕೇಳಿದಳು. ಕೆಳಗೆ ಮುಂದಿನ ಸಾಲಿಗೆ ಬಂದು ನಿಂತಿದ್ದವರೆಲ್ಲ ತಮ್ಮ ತಮ್ಮ ಕಾರಿನ ಸಲಿಕೆ ತೆಗೆದು ಅಗೆದರಂತೆ, ಹೆಸರು ಹಿಡಿದು ಕೂಗಿದರಂತೆ. ಉತ್ತರವಿಲ್ಲ. ಅವರು ಕೂಗಿದಾಗಲೆಲ್ಲ ವೈರ್‌ಲೆಸ್ಸಿನಲ್ಲಿ ನನ್ನ ಮಗನ ಹೆಸರು ಕೇಳಿಸುತ್ತಿತ್ತು. ಹತ್ತೊಂಬತ್ತನೆಯ ನಿಮಿಷಕ್ಕೆ ಯಾರೋ, ಸಿಕ್ಕಿದ, ಉಸಿರಾಡ್ತಿದ್ದಾನೆ ಎಂದರು.

ವಾಪಸು ಇಳಿಯುವ ಸಾಲಿನಲ್ಲಿ ಅವನ ಬಳಿ ಮುಟ್ಟಿದಾಗ ಮಧ್ಯಾಹ್ನ ಕಳೆದಿತ್ತು. ಗೇಟಿನ ಪಕ್ಕದ ಹೋಟೆಲಿನಲ್ಲಿ ನರ್ಸ್ ಒಬ್ಬಳ ತೊಡೆಯ ಮೇಲೆ ಕಂಬಳಿ ಹೊದ್ದು ಕೂತಿದ್ದ. ತುಟಿ ಇನ್ನೂ ನೀಲಿ. ಅಪ್ಪಿಕೊಂಡು ಅತ್ತೆ. ಅಷ್ಟು ಜನ ಕೂಗಿದ್ದು ಕೇಳಿಸಲಿಲ್ಲವಾ ಎಂದು ಕೇಳಿದೆ.

"ಕೇಳಿಸ್ತು," ಎಂದ. "ನಮ್ ಕಾರು ಹೋಗಿದ್ದೂ ಕೇಳಿಸ್ತು. ನಾನು ಒಂಚೂರೂ ಗಲಾಟೆ ಮಾಡ್ಲಿಲ್ಲ ಅಮ್ಮ."

ಹಾಗೆಂದು, ಜಾಣ ಎನ್ನುತ್ತೇನೇನೋ ಎಂದು ನನ್ನ ಮುಖವನ್ನೇ ನೋಡುತ್ತ ಕೂತ.