ಲೈಟ್ ನೋಡುವ ಮುಖ

ಸ್ಟುಡಿಯೋ ಅಂತ ಹೆಸರಿಗಷ್ಟೇ. ಅದು ಮನೆಯ ಮುಂದಿನ ಕೋಣೆ. ಗೋಡೆಗೆ ಮೊಳೆ ಹೊಡೆದು ಕಟ್ಟಿದ ಬೂದು ಬೆಡ್‌ಶೀಟು, ಅದರ ಮುಂದೊಂದು ಸ್ಟೂಲು, ಎರಡು ದೀಪ. ಗಿರಾಕಿ ತಲೆ ಬಾಚಿಕೊಳ್ಳುವಷ್ಟರಲ್ಲಿ ಗಂಡ ಒಳಗಿದ್ದ ಹೆಂಡತಿಯನ್ನು ಕೂಗುತ್ತಿದ್ದ: "ಬಾರೇ, ಲೈಟ್ ನೋಡ್ಬೇಕು." ಅವಳು ಒದ್ದೆ ಕೈ ಒರೆಸಿಕೊಂಡು ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದಳು. ಅವಳ ಮುಖದ ಮೇಲೆ ಬೆಳಕು ಸರಿಹೋದ ಮೇಲೆ ಗಿರಾಕಿಯ ಸರದಿ. ಆಮೇಲೆ ಅವಳ ಟೆಸ್ಟ್ ಫೋಟೋಗಳೆಲ್ಲ ಡಿಲೀಟು. ಹನ್ನೊಂದು ವರ್ಷದಿಂದ ಇದೇ ಪಾಡು. ಊರಿನ ಅರ್ಧ ಗೋಡೆಗಳ ಮೇಲೆ ಅವನು ತೆಗೆದ ಫೋಟೋಗಳಿವೆ. ಹೆಂಡತಿಯದು ಒಂದೂ ಇಲ್ಲ.

ಈಗ ಅವಳಿಗೊಂದು ಫೋಟೋ ಬೇಕಾಗಿತ್ತು. ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಮೇಲ್ವಿಚಾರಕಿಯ ಕೆಲಸ ಖಾಲಿಯಿತ್ತು. ಅರ್ಜಿ ತುಂಬಿ ಆಗಿತ್ತು. 'ಹಾಸ್ಟೆಲಿನಲ್ಲೇ ವಾಸಿಸಲು ಒಪ್ಪಿಗೆ ಇದೆಯೇ?' ಎಂಬ ಕಡೆ ಮಾತ್ರ ಪೆನ್ಸಿಲಿನಲ್ಲಿ 'ಇಲ್ಲ' ಎಂದು ಬರೆದಿದ್ದಳು. ಹಾಗೆ ಬರೆದರೆ ಕೆಲಸ ಸಿಗುವುದು ಕಷ್ಟವೆಂದು ಗೊತ್ತಿತ್ತು. ಆದರೂ ಈ ಮನುಷ್ಯನನ್ನು ಬಿಟ್ಟಿರಲು ಮನಸ್ಸು ಬರಲಿಲ್ಲ.

"ಮನೇಲೇ ಕ್ಯಾಮೆರಾ ಇಟ್ಕೊಂಡು ನಿಂಗೇನು ಅವಸರ? ನಾಳೆ ತೆಗೆಯೋಣ" ಎಂದು ವಾರವಿಡೀ ಮೂಗಿಗೆ ತುಪ್ಪ ಸವರಿದ ಮಹಾರಾಯ, ಅರ್ಜಿ ಕೊಡುವ ಕೊನೆಯ ದಿನ ಬೆಳಿಗ್ಗೆ ಅಂತೂ ಇಂತೂ ಕ್ಯಾಮೆರಾ ಹಿಡಿದ.

"ದೀಪ ನೋಡ್ಬೇಡ ಕಣೇ, ನನ್ನನ್ನ ನೋಡು."

ಎಷ್ಟು ಕಾಲವಾಗಿತ್ತು ಅವನು ಹಾಗೆಂದು! ಅವಳಿಗೆ ತಾನಾಗಿ ನಗು ಬಂತು. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ನೋಡಿಕೊಂಡರೆ, ಅರೆ, ತಾನು ಇಷ್ಟು ಚೆನ್ನಾಗಿದ್ದೇನೆಯೇ!

"ಐದು ಗಂಟೆಗೆ ಆಫೀಸ್ ಮುಚ್ತಾರೆ," ಎಂದಳು.

"ಮಧ್ಯಾಹ್ನ ಪ್ರಿಂಟ್ ಹಾಕ್ಕೊಡ್ತೀನಿ ಮಾರಾಯ್ತಿ."

ಅಷ್ಟರಲ್ಲಿ ಬ್ಯಾಂಕಿನವರ ಸಂಸಾರ ಬಂತು. ಅವಳು ಮತ್ತೆ ಸ್ಟೂಲೇರಿ, ಬೆಳಕು ತೋರಿಸಿ, ಇಳಿದು ಹೋದಳು. ಮೂರು ಗಂಟೆಗೆ ಬಂದು ಕೇಳಿದಾಗ ಅವನು ಬಟನ್ ಒತ್ತುತ್ತಾ ಹುಡುಕಿದ. ಬ್ಯಾಂಕಿನವರು, ಅವರ ಮಗು, ಮತ್ತೆ ಬ್ಯಾಂಕಿನವರು.

"ಅಯ್ಯೋ! ನಿನ್ನ ಮುಖ ಕಾಣಿಸ್ತಲ್ಲ, ಟೆಸ್ಟ್ ಅಂದ್ಕೊಂಡು ಎಲ್ಲಾ ಅಳಿಸ್ಬಿಟ್ಟೆ ಕಣೇ." ತಲೆ ಕೆರೆದುಕೊಂಡು ನಕ್ಕ. "ಅದಕ್ಯಾಕೆ ಮುಖ ಊದಿಸ್ಕೋತೀಯ? ಕೂತ್ಕೋ, ಒಂದು ನಿಮಿಷದ ಕೆಲಸ."

ಮರೆತಿದ್ದರೆ ಅವಳು ಸಹಿಸಿಕೊಳ್ಳುತ್ತಿದ್ದಳು. ಇವನು ಮರೆತಿರಲಿಲ್ಲ, ಕಣ್ಣಾರೆ ನೋಡಿಯೇ ಅಳಿಸಿದ್ದ. ಅವಳು ಹೋಗಿ ಸ್ಟೂಲಿನ ಮೇಲೆ ಕೂತಳು. "ನಗು" ಎಂದ. ಅವಳು ನಗಲಿಲ್ಲ. ದಿನಾ ಕೂರುವ ಮುಖದಲ್ಲೇ ಕೂತಿದ್ದಳು.

"ನೋಡು, ಬೆಳಿಗ್ಗೆದಕ್ಕಿಂತ ಇದೇ ಚೆನ್ನಾಗಿ ಬಂದಿದೆ," ಎಂದ ಅವನು, ಪ್ರಿಂಟನ್ನು ಕೈಗಿಡುತ್ತಾ. "ಒಂದು ಚೂರೂ ನೆರಳಿಲ್ಲ."

ಅವಳು ಅಡುಗೆಮನೆಯಲ್ಲಿ ಅರ್ಜಿ ಹರಡಿ ಫೋಟೋ ಅಂಟಿಸಿದಳು. ರಬ್ಬರು ತೆಗೆದುಕೊಂಡು ಆ 'ಇಲ್ಲ'ವನ್ನು ಗುರುತೂ ಉಳಿಯದಂತೆ ಉಜ್ಜಿದಳು. ಅಳಿಸುವುದು ಅವಳಿಗೂ ಬರುತ್ತಿತ್ತು. ಆ ಜಾಗದಲ್ಲಿ ಪೆನ್ನಿನಿಂದ 'ಇದೆ' ಎಂದು ಬರೆದು, ಹಿತ್ತಿಲ ಬಾಗಿಲಿನಿಂದ ಹೊರಟಳು.

ಬೀದಿ ತಿರುವಿಗೆ ಬಂದಾಗ ಮನೆಯಿಂದ ಅವನ ಕೂಗು ಕೇಳಿಸಿತು: "ಬಾರೇ, ಲೈಟ್ ನೋಡ್ಬೇಕು." ಐದಕ್ಕೆ ಇನ್ನೂ ಒಂದು ಗಂಟೆ ಇತ್ತು.